ಹಿಂದಿನ ಸಾಲಿನ ಪುಸ್ತಕಗಳು

ನಮ್ಮ ಗ್ರಂಥಾಲಯ ಇದ್ದದ್ದು ಎರಡು ಕೋಣೆಗಳಲ್ಲಿ. ಒಂದರಲ್ಲಿ ದಿನಪತ್ರಿಕೆ ಓದುವವರು, ಇನ್ನೊಂದರಲ್ಲಿ ಪುಸ್ತಕಗಳು. ನಾನು ಗ್ರಂಥಪಾಲಕಿಯಾಗಿ ಸೇರುವ ಹೊತ್ತಿಗಾಗಲೇ ಹಲಗೆಗಳು ತುಂಬಿ ಹೋಗಿದ್ದವು. ಆಮೇಲೆ ಬಂದ ಪುಸ್ತಕಗಳಿಗೆ ಜಾಗ ಮಾಡಲು ಒಂದು ಸಾಲಿನ ಹಿಂದೆ ಇನ್ನೊಂದು ಸಾಲು ಇಡತೊಡಗಿದೆವು. ಮುಂದಿನ ಸಾಲು ಓದುಗರ ಕಣ್ಣಿಗೆ ಬೀಳುತ್ತಿತ್ತು. ಹಿಂದಿನ ಸಾಲು ನನ್ನ ನೆನಪಿನಲ್ಲಿ ಮಾತ್ರ ಇತ್ತು.

ಒಂದು ಮಧ್ಯಾಹ್ನ ಕಾಲೇಜು ಹುಡುಗಿಯೊಬ್ಬಳು ಬಂದು ಸಸ್ಯಶಾಸ್ತ್ರದ ಒಂದು ಪುಸ್ತಕ ಕೇಳಿದಳು. ಕ್ಯಾಟಲಾಗಿನಲ್ಲಿ ಇದೆ ಎಂದು ತೋರಿಸುತ್ತಿತ್ತು. ಅರ್ಧ ಗಂಟೆ ಹುಡುಕಿ “ಯಾರೋ ಎಲ್ಲೋ ಇಟ್ಟಿರಬೇಕಮ್ಮ, ಸಿಗುತ್ತಿಲ್ಲ” ಎಂದೆ. ಅವಳು ಪರವಾಗಿಲ್ಲ ಎಂದು ಹೋದಳು. ಮೂರು ವಾರದ ಮೇಲೆ ಬೇರೇನೋ ಹುಡುಕುವಾಗ ಆ ಪುಸ್ತಕ ತನ್ನದೇ ಹಲಗೆಯ ಹಿಂದಿನ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು ಕೂತಿತ್ತು. ಹುಡುಗಿ ಮತ್ತೆ ಬರಲಿಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ ಎನ್ನುವುದು. ನಾಲ್ಕನೆಯದು, ಓದುಗರ ಸಮಯ ಉಳಿಸಬೇಕು ಎನ್ನುವುದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಈ ಎರಡು ಸೂತ್ರಗಳು ಅವತ್ತು ನನ್ನ ಎದುರಿಗೇ ಬಂದು ನಿಂತಂತಾಯಿತು. ದೊಡ್ಡ ಜಾಗಕ್ಕೆ ಅರ್ಜಿ ಬರೆಯಲು ಶುರುಮಾಡಿದ್ದು ಅದೇ ವಾರ.

ಅರ್ಜಿಗಳ ಕಥೆ ಉದ್ದ, ಅದು ಇಲ್ಲಿ ಬೇಡ. ಕೆಲವು ವರ್ಷಗಳ ಮೇಲೆ ಎರಡು ಅಂತಸ್ತಿನ ಒಂದು ಕಟ್ಟಡ ನಮಗೆ ಸಿಕ್ಕಿತು. ಮೊದಲ ನಕ್ಷೆಯಲ್ಲಿ ಪುಸ್ತಕದ ರ‍್ಯಾಕ್‌ಗಳು ಮಹಡಿಯ ಮೇಲೆ, ಓದುವ ಸಭಾಂಗಣ ಕೆಳಗೆ. ಕೆಳಗೆ ಬಂದು ಕೂರುವವರಿಗೆ ಸುಲಭ, ನೋಡಲೂ ಚೆಂದ ಎಂದು ಎಲ್ಲರೂ ಒಪ್ಪಿದ್ದರು. ಕಟ್ಟಡ ನೋಡಲು ಬಂದ ಎಂಜಿನಿಯರ್ ಕೇಳಿದ ಮೊದಲ ಪ್ರಶ್ನೆ ಇದು: “ಮೇಡಂ, ಒಂದು ಮೀಟರ್ ಪುಸ್ತಕ ಎಷ್ಟು ತೂಗುತ್ತೆ?”

ನನಗೆ ಗೊತ್ತಿರಲಿಲ್ಲ. ಮರುದಿನ ತಕ್ಕಡಿ ತರಿಸಿ ಬೇರೆಬೇರೆ ವಿಭಾಗಗಳಿಂದ ಒಂದೊಂದು ಮೀಟರ್ ತೆಗೆದು ತೂಗಿದೆವು. ಕಾದಂಬರಿಗಳು 18 ಕಿಲೋ ಆಸುಪಾಸು. ನುಣುಪು ಕಾಗದದ ಚಿತ್ರಕಲೆಯ ಪುಸ್ತಕಗಳು, ವಿಶ್ವಕೋಶಗಳು 40ನ್ನೂ ದಾಟಿದವು. ನುಣುಪು ಬರಲು ಕಾಗದಕ್ಕೆ ಬಿಳಿ ಮಣ್ಣಿನ ಲೇಪ ಕೊಟ್ಟಿರುತ್ತಾರೆ, ತೂಕ ಅದರದ್ದು. ಒಟ್ಟಾರೆ ಸರಾಸರಿ 25 ಕಿಲೋ. ಎಂಜಿನಿಯರ್ ಕಾಗದದ ಮೇಲೆ ಲೆಕ್ಕ ಬಿಡಿಸಿದರು. 90 ಸೆಂ.ಮೀ. ಅಗಲದ, ಎರಡೂ ಬದಿಗೆ ಆರಾರು ಹಲಗೆಗಳಿರುವ ಒಂದು ರ‍್ಯಾಕ್ ಪೂರ್ತಿ ತುಂಬಿದರೆ 10.8 ಮೀಟರ್ ಪುಸ್ತಕ, ಅಂದರೆ 270 ಕಿಲೋ. ಕಬ್ಬಿಣದ ತೂಕ ಬೇರೆ. ಅದು ನಿಲ್ಲುವುದು ಅರ್ಧ ಚದರ ಮೀಟರೂ ಇಲ್ಲದ ಜಾಗದಲ್ಲಿ. ವಾಸದ ಮನೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಆಸುಪಾಸಿನ ಭಾರಕ್ಕೆ ಕಟ್ಟುತ್ತಾರೆ. ಪುಸ್ತಕದ ರ‍್ಯಾಕ್‌ಗಳು ಸಾಲಾಗಿ ನಿಲ್ಲುವ ನೆಲಕ್ಕೆ 600 ಕಿಲೋ, ಅದಕ್ಕೂ ಹೆಚ್ಚು ಬೇಕು. ಮಹಡಿಯ ನೆಲ ಅಷ್ಟಕ್ಕೆ ಕಟ್ಟಿದ್ದಲ್ಲ. ಅವತ್ತೇ ನಕ್ಷೆ ತಲೆಕೆಳಗಾಯಿತು: ರ‍್ಯಾಕ್‌ಗಳು ಕೆಳಗೆ, ಸಭಾಂಗಣ ಮೇಲೆ. ಮೆಟ್ಟಿಲು ಹತ್ತಲಾಗದವರಿಗೆಂದು ದಿನಪತ್ರಿಕೆಯ ಮೇಜುಗಳನ್ನು ಮಾತ್ರ ಕೆಳಗೇ, ಬಾಗಿಲ ಪಕ್ಕದಲ್ಲೇ ಉಳಿಸಿಕೊಂಡೆವು. ಆ ಪ್ರಶ್ನೆ ಕೇಳದೆ ಯಾರೂ ಗ್ರಂಥಾಲಯದ ನಕ್ಷೆಗೆ ಸಹಿ ಹಾಕಬಾರದು ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಆಮೇಲೆ ಸ್ಟಾಕ್ ವೆರಿಫಿಕೇಷನ್, ಅಂದರೆ ಇರುವ ಪುಸ್ತಕಗಳನ್ನು ರಿಜಿಸ್ಟರಿನೊಂದಿಗೆ ತಾಳೆ ನೋಡುವ ಕೆಲಸ. ದಾಖಲಾತಿ ರಿಜಿಸ್ಟರಿನಲ್ಲಿ 19,130 ಪುಸ್ತಕಗಳಿದ್ದವು. ಎರವಲು ಹೋದದ್ದನ್ನೂ ಸೇರಿಸಿ ಲೆಕ್ಕಕ್ಕೆ ಸಿಕ್ಕಿದ್ದು 18,700. ಉಳಿದ 430 ಎಲ್ಲಿವೆಯೋ. ತಡವಾಗಿ ಕೊಟ್ಟರೂ ದಂಡವಿಲ್ಲ, ಏನೂ ಕೇಳುವುದಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿ, ಹೊರಗೆ ಒಂದು ಪೆಟ್ಟಿಗೆ ಇಟ್ಟೆವು. ಎರಡು ತಿಂಗಳಲ್ಲಿ 61 ಪುಸ್ತಕಗಳು ಬಂದವು. ಒಂದರೊಳಗೆ “ಅಪ್ಪ ತಂದಿದ್ದರು, ಅವರ ಕಪಾಟಿನಲ್ಲಿ ಸಿಕ್ಕಿತು” ಎಂದು ಬರೆದ ಚೀಟಿ ಇತ್ತು. ಆ ಚೀಟಿಯನ್ನು ಪುಸ್ತಕದಲ್ಲೇ ಉಳಿಸಿದ್ದೇನೆ.

ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎನ್ನುವುದು ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಓದುಗರಿಗೆ ಇದರ ಬಗ್ಗೆ ಸಿಟ್ಟಿರುತ್ತದೆ, ಆ ಸಿಟ್ಟು ನ್ಯಾಯವೇ. ಗ್ರಂಥಾಲಯ ಪುಸ್ತಕ ತೆಗೆದುಹಾಕುವುದೆಂದರೆ ಏನು ಎಂದು ಹಿರಿಯರೊಬ್ಬರು ದಿನವೂ ಬಂದು ಕೇಳುತ್ತಿದ್ದರು. ನಾನು ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಔಷಧಿಯ ಪ್ರಮಾಣವನ್ನು ಈಗ ತಪ್ಪೆಂದು ಒಪ್ಪಿರುವ ವೈದ್ಯಕೀಯ ಕೈಪಿಡಿ, ತಿದ್ದುಪಡಿಯಾಗಿ ಹೋದ ಕಾನೂನಿನ ಪುಸ್ತಕ, ಹೊಲಿಗೆ ಬಿಟ್ಟು ಅರ್ಧ ಪುಟಗಳೇ ಇಲ್ಲದ್ದು, ಒಂದೇ ಪಠ್ಯದ ಏಳನೇ ಪ್ರತಿ, ಹೀಗೆ ಒಂದೊಂದನ್ನೂ ಅವರ ಕೈಗೆ ಕೊಟ್ಟೆ. ಓದಿದವರಿಗೆ ಅಪಾಯ ತರುವ ಪುಸ್ತಕವನ್ನು ಹಲಗೆಯ ಮೇಲೆ ಇಡುವುದು ಪುಸ್ತಕಪ್ರೀತಿಯಲ್ಲ ಎಂದು ಅವರೇ ಮೂರನೇ ದಿನ ಉಳಿದವರಿಗೆ ಹೇಳುತ್ತಿದ್ದರು.

ಎರಡು ಕಡೆ ಮಾತ್ರ ನಾನು ಪಟ್ಟು ಬಿಡಲಿಲ್ಲ. ಊರಿನ ಶಾಲೆ, ಸಂಘಗಳ ಹಳೆಯ ಸ್ಮರಣ ಸಂಚಿಕೆಗಳನ್ನು ರದ್ದಿಗೆ ಹಾಕೋಣ, ಯಾರೂ ಓದುವುದಿಲ್ಲ ಎಂದು ಒಬ್ಬರು ಹೇಳಿದರು. ಜನಪ್ರಿಯ ಕಾದಂಬರಿಯ ಪ್ರತಿ ಬೇರೆ ಕಡೆಯೂ ಸಿಗುತ್ತದೆ. ಸಣ್ಣ ಊರಿನ ಸ್ಮರಣ ಸಂಚಿಕೆಯ ಪ್ರತಿ ಆ ಊರಿನ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಎಲ್ಲೂ ಇಲ್ಲ. ಅವೆಲ್ಲ ಉಳಿದವು. ಇನ್ನೊಂದು, ಐದು ವರ್ಷ ಯಾರೂ ಎರವಲು ಪಡೆಯದ್ದನ್ನು ತೆಗೆಯಬಹುದು ಎಂಬ ನಿಯಮ. ನಿಯಮ ಕೆಟ್ಟದ್ದಲ್ಲ. ಆದರೆ ಹಿಂದಿನ ಸಾಲಿನಲ್ಲಿದ್ದ ಪುಸ್ತಕಗಳನ್ನು ಯಾರೂ ನೋಡಿಯೇ ಇರಲಿಲ್ಲ. ಕಾಣದ್ದನ್ನು ಯಾರು ಕೇಳುತ್ತಾರೆ? ಹಿಂದಿನ ಸಾಲಿನಲ್ಲಿ 3,100 ಪುಸ್ತಕಗಳಿದ್ದವು. ಹರಿದವು, ತಪ್ಪು ತುಂಬಿದವುಗಳನ್ನು ಮೊದಲೇ ತೆಗೆದ ಮೇಲೆ ಉಳಿದ ಲೆಕ್ಕ ಅದು. ಅವುಗಳಿಗೆ ಈ ನಿಯಮ ಹಚ್ಚುವುದಿಲ್ಲ, ಹೊಸ ಜಾಗದಲ್ಲಿ ಎರಡು ವರ್ಷ ಬೆಳಕಿನಲ್ಲಿ ನಿಲ್ಲಲಿ, ಆಮೇಲೆ ನೋಡೋಣ ಎಂದೆ. ಕ್ಯಾಟಲಾಗಿನಲ್ಲಿ ಅವಕ್ಕೊಂದು ಗುರುತು ಹಾಕಿಸಿದೆ. ಕೊನೆಗೆ ತೆಗೆದದ್ದು 1,761, ಒಯ್ಯಬೇಕಾದದ್ದು 17,000.

ಗುರುತು ಹಾಕುವುದು ಸುಲಭವಾದದ್ದು ಕ್ಯಾಟಲಾಗು ಕೊಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿದ್ದ ಕಾರಣ. ಅದು 2000ದ ಜನವರಿಯಲ್ಲಿ ನ್ಯೂಜಿಲೆಂಡಿನಲ್ಲಿ, ನಮ್ಮಂಥದೇ ಸಣ್ಣ ಊರುಗಳ ಗ್ರಂಥಾಲಯಗಳಲ್ಲಿ ಮೊದಲು ಬಳಕೆಗೆ ಬಂದ ಮುಕ್ತ ತಂತ್ರಾಂಶ. ಮಾವೊರಿ ಭಾಷೆಯಲ್ಲಿ ಕೊಹಾ ಎಂದರೆ ಕೊಡುಗೆ. ಸಾವಿರಾರು ಪುಸ್ತಕಗಳ ಸ್ಥಳವನ್ನು ಒಟ್ಟಿಗೇ ಬದಲಾಯಿಸುವ ಅನುಕೂಲ ಅದರಲ್ಲಿದೆ. ಒಂದೊಂದಾಗಿ ತಿದ್ದುವುದಾಗಿದ್ದರೆ ಇನ್ನೂ ತಿದ್ದುತ್ತಲೇ ಇರುತ್ತಿದ್ದೆವು.

ನಿಜವಾದ ಸ್ಥಳಾಂತರ ನಡೆದದ್ದು ಕಾಗದದ ಮೇಲೆ. 17,000 ಪುಸ್ತಕಗಳನ್ನು ಅಳತೆ ಟೇಪಿನಲ್ಲಿ ಹಲಗೆ ಹಲಗೆಯಾಗಿ ಅಳೆದೆವು. ಹಿಂದಿನ ಸಾಲು, ಮುಂದಿನ ಸಾಲು ಬೇರೆಬೇರೆಯಾಗಿ. ಒಟ್ಟು 425 ಮೀಟರ್. ಹೊಸ ಕಟ್ಟಡದಲ್ಲಿ 65 ರ‍್ಯಾಕ್, 780 ಹಲಗೆ, 702 ಮೀಟರ್ ಜಾಗ. ಭಾಗಿಸಿದರೆ 90 ಸೆಂ.ಮೀ. ಹಲಗೆಗೆ 54 ಸೆಂ.ಮೀ. ಪುಸ್ತಕ ಎಂದು ಬಂತು. 36 ಸೆಂ.ಮೀ. ಖಾಲಿ. ಆ ಖಾಲಿ ಜಾಗವನ್ನು ಎಲ್ಲ ಹಲಗೆಗೂ ಸಮನಾಗಿ ಹಂಚುವುದು ಸುಲಭ, ಆದರೆ ತಪ್ಪು. ಗ್ರಂಥಾಲಯ ಬೆಳೆಯುವ ಜೀವಿ ಎನ್ನುವುದು ರಂಗನಾಥನ್ ಅವರ ಐದನೇ ಸೂತ್ರ. ಜೀವಿ ಎಲ್ಲ ಕಡೆಯೂ ಒಂದೇ ಸಮ ಬೆಳೆಯುವುದಿಲ್ಲ. ನಮ್ಮಲ್ಲಿ ಮಕ್ಕಳ ಪುಸ್ತಕ, ಕಂಪ್ಯೂಟರ್, ಪ್ರವೇಶ ಪರೀಕ್ಷೆಯ ಪುಸ್ತಕಗಳು ವರ್ಷವರ್ಷವೂ ಬರುತ್ತವೆ. ವಿಶ್ವಕೋಶಗಳು ಇದ್ದಷ್ಟೇ. ಹತ್ತು ವರ್ಷಗಳ ದಾಖಲಾತಿ ರಿಜಿಸ್ಟರ್ ತಿರುವಿ ಯಾವ ವಿಭಾಗಕ್ಕೆ ಎಷ್ಟು ಸೇರಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಖಾಲಿ ಬಿಟ್ಟೆ.

ಪುಸ್ತಕಗಳು ಡ್ಯೂಯಿ ದಶಮಾಂಶ ಪದ್ಧತಿಯಲ್ಲಿದ್ದವು. 1876ರಲ್ಲಿ ಮೆಲ್ವಿಲ್ ಡ್ಯೂಯಿ ಅದನ್ನು ಹೊರತಂದಾಗಿನಿಂದ ಅದರ ಗುಣ ಒಂದೇ: ಸಂಖ್ಯೆ ಪುಸ್ತಕದ ವಿಷಯಕ್ಕೆ ಅಂಟಿರುತ್ತದೆ, ಕಪಾಟಿಗಲ್ಲ. ಹಾಗಾಗಿ ಪುಸ್ತಕ ಎಲ್ಲಿಗೆ ಹೋದರೂ ಅದರ ಅಕ್ಕಪಕ್ಕದವರು ಬದಲಾಗುವುದಿಲ್ಲ. 780 ಹಲಗೆಗೂ ಒಂದೊಂದು ಸಂಖ್ಯೆ ಕೊಟ್ಟು, ಪ್ರತಿ ಹಲಗೆಯ ಮೊದಲ ಪುಸ್ತಕ ಯಾವುದು ಎಂದು ಬರೆದೆವು. ಈ ಕಾಗದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಇಷ್ಟು ದಿನ ಏನು ಮಾಡುತ್ತಿದ್ದೀರಿ, ಲಾರಿ ಕರೆಸಿ ತುಂಬಿದರೆ ಎರಡು ದಿನದ ಕೆಲಸ ಎಂದವರಿದ್ದರು. ಪುಸ್ತಕ ಸಾಗಿಸಲು ಎರಡು ದಿನ ಸಾಕು. ನಾವು ಸಾಗಿಸಬೇಕಾಗಿದ್ದದ್ದು ಅವುಗಳ ಕ್ರಮವನ್ನು.

ಎಲ್ಲ ಸಿದ್ಧವಾದಾಗ ಹೊಸ ಕಟ್ಟಡದ ಒಳಗೆ ತೇವಾಂಶದ ಮಾಪಕ ಇಟ್ಟು ನೋಡಿದೆ. ಶೇ. 76. ಗಾರೆ, ಬಣ್ಣ ಆಗಷ್ಟೇ ಮುಗಿದಿತ್ತು. ಕೈಗೆ ಒಣಗಿದಂತೆ ಕಂಡರೂ ಹೊಸ ಗಾರೆ ವಾರಗಟ್ಟಲೆ ನೀರು ಬಿಡುತ್ತಲೇ ಇರುತ್ತದೆ. ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುವ ಅಪಾಯವಿದೆ. ದಿನಾಂಕ ಗೊತ್ತಾಗಿತ್ತು, ಮುಂದೆ ಹಾಕಿ ಎಂದು ಹೇಳುವುದು ಸುಲಭವಾಗಿರಲಿಲ್ಲ. ಹೇಳಿದೆ. ಕಿಟಕಿ ತೆರೆದು, ಫ್ಯಾನು ಹಾಕಿ, ದಿನಕ್ಕೆ ಎರಡು ಸಲ ಮಾಪಕ ನೋಡಿ ಬರೆದಿಟ್ಟೆವು. 60ಕ್ಕಿಂತ ಕೆಳಗಿಳಿದು ಅಲ್ಲೇ ನಿಲ್ಲಲು ಐದು ವಾರ ಬೇಕಾಯಿತು.

ಆ ಐದು ವಾರ ವ್ಯರ್ಥವಾಗಲಿಲ್ಲ. ಹುಳ ಕೊರೆದ 140 ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 20 ಡಿಗ್ರಿಯ ಶೀತಲ ಕೋಣೆಯಲ್ಲಿ ಎರಡು ವಾರ ಇಡಿಸಿದೆವು. ಹುಳವೂ ಮೊಟ್ಟೆಯೂ ಸಾಯುತ್ತವೆ, ಕಾಗದಕ್ಕೆ ಯಾವ ಔಷಧಿಯೂ ತಾಗುವುದಿಲ್ಲ. ಹೊರತೆಗೆದ ಮೇಲೆ ಚೀಲ ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಪುಟಗಳ ಮೇಲೆ ನೀರು ಕೂರುತ್ತದೆ.

ಅದೇ ಹೊತ್ತಿನಲ್ಲಿ ಓದುಗರಿಗೆ ಇನ್ನೊಂದು ಮಾತು ಹೇಳಿದೆವು: ಎರಡರ ಬದಲು ಹತ್ತು ಪುಸ್ತಕ ಒಯ್ಯಿರಿ, ಹೊಸ ಜಾಗ ತೆರೆದ ಮೇಲೆ ಅಲ್ಲಿಗೇ ತಂದುಕೊಡಿ. 2,600 ಪುಸ್ತಕಗಳು ಮನೆಗಳಿಗೆ ಹೋದವು. ಅಷ್ಟು ನಾವು ಹೊರುವುದು ತಪ್ಪಿತು. ಆದರೆ ಹಲಗೆಯಲ್ಲಿ ಅವುಗಳ ಜಾಗ ಬಿಟ್ಟಿರಲೇಬೇಕು, ಇಲ್ಲದಿದ್ದರೆ ಮರಳಿ ಬಂದ ದಿನ ಎಲ್ಲವನ್ನೂ ಸರಿಸಬೇಕಾಗುತ್ತದೆ. ಎದುರಿಗಿಲ್ಲದ ಪುಸ್ತಕಗಳಿಗೆ ಅಳತೆ ಹಾಕಿ ಜಾಗ ಕಾದಿರಿಸುವುದು ನನಗೆ ಬಹಳ ಇಷ್ಟವಾದ ಕೆಲಸ. ಊಟಕ್ಕೆ ಇನ್ನೂ ಬಾರದವರಿಗೆ ಎಲೆ ಹಾಕಿಟ್ಟ ಹಾಗೆ.

ಉಳಿದದ್ದು 14,400 ಪುಸ್ತಕ, 360 ಮೀಟರ್, ಒಂಬತ್ತು ಟನ್. ರಟ್ಟಿನ ಪೆಟ್ಟಿಗೆ ಬೇಡವೆಂದು 120 ಪ್ಲಾಸ್ಟಿಕ್ ಕ್ರೇಟುಗಳನ್ನು ಬಾಡಿಗೆಗೆ ತಂದೆವು. ಒಂದಕ್ಕೆ 45 ಸೆಂ.ಮೀ. ಪುಸ್ತಕ, ಅಂದರೆ 11 ಕಿಲೋ ಚಿಲ್ಲರೆ. ಇನ್ನೊಂದಿಷ್ಟು ತುಂಬಬಹುದಿತ್ತು. ಆದರೆ ಹೊರುವವರಲ್ಲಿ ಕಾಲೇಜು ಮಕ್ಕಳೂ ಇದ್ದರು, ನಿವೃತ್ತರೂ ಇದ್ದರು, ಸಂಜೆ ನಾಲ್ಕರ ಬೆನ್ನುನೋವು ಬೆಳಿಗ್ಗೆ ಹತ್ತಕ್ಕೆ ಯಾರಿಗೂ ಕಾಣುವುದಿಲ್ಲ. ಹಲಗೆಯ ಎಡಗಡೆಯಿಂದ ತೆಗೆಯಬೇಕು, ಕ್ರೇಟಿನ ಎಡಗಡೆಯಿಂದ ಜೋಡಿಸಬೇಕು, ಹಲಗೆಯಲ್ಲಿ ನಿಂತಂತೆಯೇ ನಿಲ್ಲಿಸಬೇಕು. ಕ್ರೇಟಿನ ಚೀಟಿಯಲ್ಲಿ ಮೂರು ಸಂಖ್ಯೆ: ಕ್ರೇಟಿನದು, ಹಳೆಯ ಹಲಗೆಯದು, ಹೊಸ ಹಲಗೆಯದು. ಹೊಸ ಕಡೆ ರ‍್ಯಾಕ್ ತುಂಬುವಾಗ ಕೆಳಗಿನ ಹಲಗೆಯಿಂದ, ಎರಡೂ ಬದಿಗೆ ಸಮನಾಗಿ. ಮೇಲಿಂದ ಅಥವಾ ಒಂದೇ ಬದಿಗೆ ತುಂಬಿದರೆ ರ‍್ಯಾಕ್ ವಾಲುತ್ತದೆ.

ಮೊದಲ ದಿನ ಎಲ್ಲ ಸಲೀಸು. ಎರಡನೇ ದಿನ ಸಂಜೆ ಹೊಸ ಕಟ್ಟಡದಲ್ಲಿದ್ದ ಹುಡುಗಿಯೊಬ್ಬಳು ಕೂಗಿದಳು. “ಅಕ್ಕಾ, ಇಲ್ಲಿ ಬನ್ನಿ. 530ರ ಕೆಳಗಿನ ಹಲಗೆಯಲ್ಲಿ 570 ಇದೆ. ಮಧ್ಯದ ರಸಾಯನಶಾಸ್ತ್ರ ಎಲ್ಲಿ ಹೋಯ್ತು?”

ಡ್ಯೂಯಿ ಪದ್ಧತಿಯಲ್ಲಿ 530 ಎಂದರೆ ಭೌತಶಾಸ್ತ್ರ, 540 ರಸಾಯನಶಾಸ್ತ್ರ, 570 ಜೀವಶಾಸ್ತ್ರ. ಹೋಗಿ ನೋಡಿದೆ. ಚೀಟಿಯ ಸಂಖ್ಯೆ ಸರಿ, ಹಲಗೆಯ ಸಂಖ್ಯೆ ಸರಿ, ಎರಡೂ ಹೊಂದುತ್ತಿದ್ದವು. ತಪ್ಪಿದ್ದದ್ದು ಹಲಗೆಗೆ ಸಂಖ್ಯೆ ಅಂಟಿಸುವಾಗ. ಒಂದು ರ‍್ಯಾಕಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಮುಗಿಸಿ ಪಕ್ಕದ ರ‍್ಯಾಕಿಗೆ ಹೋಗಬೇಕಿತ್ತು. ಆ ಐದು ರ‍್ಯಾಕ್‌ಗಳ ಸಾಲಿನಲ್ಲಿ ಮಾತ್ರ ಮೇಲಿನ ಹಲಗೆಗಳನ್ನೆಲ್ಲ ಅಡ್ಡಕ್ಕೆ ಎಣಿಸಿ, ಮತ್ತೆ ಎರಡನೆಯವನ್ನು ಅಡ್ಡಕ್ಕೆ ಎಣಿಸಿ ಅಂಟಿಸಿದ್ದರು. ಉಳಿದ ಸಾಲುಗಳನ್ನು ನಾನೇ ನೋಡಿದ್ದೆ, ಇದೊಂದನ್ನು ನೋಡಿರಲಿಲ್ಲ. 60 ಹಲಗೆ, 72 ಕ್ರೇಟಿನಷ್ಟು ಪುಸ್ತಕಗಳು ಆಗಲೇ ಮೇಲೇರಿದ್ದವು.

ಎಲ್ಲರೂ ದಣಿದಿದ್ದರು. ಹಾಗೇ ಇರಲಿ, ಪುಸ್ತಕಗಳೇನೂ ಕಳೆದಿಲ್ಲವಲ್ಲ, ಆ ಸಾಲನ್ನು ಅಡ್ಡಕ್ಕೆ ಓದಿ ಎಂದು ಒಂದು ಬಾಣದ ಗುರುತು ಹಾಕಿದರಾಯಿತು ಎಂದರು. ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. ಆಮೇಲೆ ನಾನೇ ಓದುಗರಂತೆ ಆ ಸಾಲಿನಲ್ಲಿ ನಡೆದು ನೋಡಿದೆ. ರಸಾಯನಶಾಸ್ತ್ರ ಹುಡುಕಲು ನಾಲ್ಕೂವರೆ ಮೀಟರ್ ಆಚೆ ಹೋಗಬೇಕು, ಮುಂದಿನದಕ್ಕೆ ಮತ್ತೆ ಮೊದಲಿಗೆ ಬರಬೇಕು. ಬೇರೆಲ್ಲ ಸಾಲುಗಳಲ್ಲಿ ಒಂದು ಬಗೆ, ಇಲ್ಲೊಂದು ಬಗೆ. ಅಭ್ಯಾಸವಿಲ್ಲದವರು ಮೊದಲ ರ‍್ಯಾಕ್ ನೋಡಿ, ಇಲ್ಲ ಎಂದುಕೊಂಡು ಹೊರಟುಹೋಗುತ್ತಾರೆ. ಸಸ್ಯಶಾಸ್ತ್ರದ ಪುಸ್ತಕ 580ರದ್ದು. ಅದೂ ಆ ಸಾಲಿನಲ್ಲೇ ಇತ್ತು.

ಮರುದಿನ ಪೂರ್ತಿ ಅದನ್ನೇ ತಿದ್ದಿದೆವು. 60 ಹಲಗೆಗಳ ಪುಸ್ತಕಗಳನ್ನು ನೆಲದ ಮೇಲೆ ಹಾಸಿದ ಬಟ್ಟೆಯಲ್ಲಿ ಕ್ರಮವಾಗಿ ನಿಲ್ಲಿಸಿ, ಸಂಖ್ಯೆಗಳನ್ನು ಕಿತ್ತು ಮತ್ತೆ ಅಂಟಿಸಿ, ಮತ್ತೆ ಏರಿಸಿದೆವು. ಆ ಹುಡುಗಿಗೆ ಉಳಿದ ದಿನಗಳಲ್ಲಿ ಒಂದೇ ಕೆಲಸ ಕೊಟ್ಟೆ: ಏನೂ ಹೊರಬೇಡ, ತುಂಬಿದ ಹಲಗೆಗಳನ್ನು ಓದುತ್ತಾ ಬಾ. ಆರು ದಿನದ ಕೆಲಸ ಏಳು ದಿನವಾಯಿತು. ಆಮೇಲೆ ಅವಳು ಹಿಡಿದ ತಪ್ಪುಗಳೆಲ್ಲ ಒಂದೆರಡು ಪುಸ್ತಕದಷ್ಟು ಚಿಕ್ಕವು.

ತೆರೆದ ದಿನದ ಬಗ್ಗೆ ಹೆಚ್ಚು ಹೇಳಲಾರೆ, ಜನ ಬಂದರು, ಎಲ್ಲರೂ ಸುತ್ತಿ ನೋಡಿದರು. ನನಗೆ ನೆನಪಿರುವುದು ಮಾರನೇ ದಿನ. ದಿನವೂ ಪತ್ರಿಕೆ ಓದಲು ಬರುವ ಹಿರಿಯರು, ಹಳೆಯ ಕೋಣೆಯಲ್ಲಿ ಕಿಟಕಿಗೆ ಎಡಭುಜ ಕೊಟ್ಟು ಕೂರುತ್ತಿದ್ದವರು, ಬಾಗಿಲಲ್ಲಿ ನಿಂತೇ ಇದ್ದರು. ಅಷ್ಟು ಮೇಜುಗಳಲ್ಲಿ ಎಲ್ಲಿ ಕೂರಬೇಕೆಂದು ಅವರಿಗೆ ತಿಳಿಯಲಿಲ್ಲ. ಪುಸ್ತಕಗಳಿಗೆ ಒಂದೊಂದಕ್ಕೂ ಜಾಗ ಬರೆದಿಟ್ಟಿದ್ದ ನಾನು ಅವರ ಜಾಗ ಬರೆದಿರಲಿಲ್ಲ. ಆ ಸಂಜೆ ಎರಡು ಮೇಜುಗಳನ್ನು ತಿರುಗಿಸಿ, ಬೆಳಕು ಎಡಗಡೆಯಿಂದ ಬೀಳುವಂತೆ ಇಟ್ಟೆವು. ಮರುದಿನ ಬಂದು ಕೂತರು. “ಈಗ ಸರಿಯಾಯ್ತು ನೋಡಮ್ಮ” ಎಂದಷ್ಟೇ ಹೇಳಿ ಪತ್ರಿಕೆ ಬಿಡಿಸಿದರು.

ಈಗ ಒಂದು ವರ್ಷವಾಗಿದೆ. ಹಿಂದಿನ ಸಾಲಿನ ಗುರುತಿದ್ದ 3,100 ಪುಸ್ತಕಗಳಲ್ಲಿ 1,140 ಒಮ್ಮೆಯಾದರೂ ಹೊರಗೆ ಹೋಗಿ ಬಂದಿವೆ. ಉಳಿದವಕ್ಕೆ ಇನ್ನೊಂದು ವರ್ಷ ಇದೆ. ಸಸ್ಯಶಾಸ್ತ್ರದ ಪುಸ್ತಕವನ್ನು ಇನ್ನೂ ಯಾರೂ ಒಯ್ದಿಲ್ಲ. ಕಳೆದ ವಾರ ಅದನ್ನು ಹಲಗೆಯ ಕೊನೆಯ ಖಾಲಿ ಜಾಗದಲ್ಲಿ, ಮುಖಪುಟ ಕಾಣುವಂತೆ ನಿಲ್ಲಿಸಿದ್ದೇನೆ.